ಬಾಲದಿಂದ ಬೆಳೆದ ಪ್ರಾಣಿ

ಈ ಕತೆಯನ್ನು ಮೊದಲು ಹೇಳಿದವಳು ಜೀವಜಂತುಗಳ ವಸ್ತುಸಂಗ್ರಹಾಲಯವೊಂದರಲ್ಲಿ ಗಾಜು ಒರೆಸುತ್ತಿದ್ದ ಮುದುಕಿ. ಹೇಳಿದ್ದು ಆ ಕಟ್ಟಡದ ಛಾವಣಿ ಬದಲಿಸಿದ ಬೇಸಿಗೆಯಲ್ಲಿ, ದಿನದ ಕೆಲಸ ಮುಗಿಸಿದವರೆಲ್ಲ ಹೊರಗಿನ ಮೆಟ್ಟಿಲ ಮೇಲೆ ಕಾಲು ಚಾಚಿ ಕುಳಿತಿದ್ದ ಒಂದು ಸಂಜೆ. ನಡುನಡುವೆ ಅವಳು ಕೆಮ್ಮಿದ್ದನ್ನು ಬಿಟ್ಟರೆ ಉಳಿದುದೆಲ್ಲ ಇಲ್ಲಿ ಅವಳು ಹೇಳಿದಂತೆಯೇ ಇದೆ.

ಎಲ್ಲ ಅನರ್ಥಕ್ಕೂ ಮೂಲ ಒಂದು ಬಾಲ. ಹೊಸದಾಗಿ ಸೇರಿದ್ದ ಚಿತ್ರಗಾರನಿಗೆ ಸರೀಸೃಪಗಳ ಕೋಣೆಯ ದೊಡ್ಡ ಗೋಡೆಯ ಮೇಲೆ ಉಡದ ಚಿತ್ರ ಬರೆಯುವ ಕೆಲಸ ಬಿದ್ದಿತ್ತು. ಸಂಜೆ ಮೇಡಂ ನೋಡಿ ಒಪ್ಪಿದರೆ ನೌಕರಿ ಕಾಯಂ. ಇಲ್ಲವಾದರೆ ಭಾವನ ಅಂಗಡಿಯಲ್ಲಿ ಬೋರ್ಡು ಬರೆಯುವುದು. "ಕಾಯಂ ಆಗ್ದೆ ಬಂದ್ರೆ ನಮ್ಮಣ್ಣನ ಏಣಿ ನೀವೇ ಹೊರಬೇಕಾಗತ್ತೆ, ನೋಡಿ," ಎಂದು ಹೆಂಡತಿ ಬೆಳಿಗ್ಗೆಯೇ ಹರಸಿ ಕಳಿಸಿದ್ದಳು.

ಮೇಡಂ ಎಂದರೆ ಸಂಗ್ರಹಾಲಯದ ಮುಖ್ಯಸ್ಥೆ. ಪ್ರಾಯದಲ್ಲಿ ಒಬ್ಬರೇ ಬೆಟ್ಟಗುಡ್ಡ ಅಲೆದು ಪ್ರಾಣಿಗಳನ್ನು ಕಂಡು ಬಂದವರು. ಅವರಿಗೆ ಎಡಹುಬ್ಬು ಇರಲಿಲ್ಲ. ಪ್ರಯೋಗಾಲಯದ ಒಲೆ ಸಿಡಿದು ಸುಟ್ಟಿತೆಂದು ಎಲ್ಲರೂ ನಂಬಿದ್ದರು. ಕೇಳುವ ಧೈರ್ಯ ಮಾತ್ರ ಯಾರಿಗೂ ಬಂದಿರಲಿಲ್ಲ.

ನೋಡಿ ಬರೆಯಲೆಂದು ಕೊಟ್ಟ ಸತ್ತ ಉಡವನ್ನು ಹುಳು ತಿಂದು ಬಾಲವೊಂದೇ ಉಳಿದಿತ್ತು. ಇದ್ದಷ್ಟನ್ನು ಬರೆಯೋಣವೆಂದು ಚಿತ್ರಗಾರ ಗೋಡೆಯ ಎಡತುದಿಯಲ್ಲಿ ಬಾಲ ಬರೆದ. ಒಂದು ಹುರುಪೆಯನ್ನೂ ಬಿಡದೆ ಬರೆದ. ಏಣಿಯಿಂದ ಇಳಿದು ನೋಡಿದರೆ ಬಾಲವೇ ಬಾಗಿಲಿಗಿಂತ ಉದ್ದವಾಗಿತ್ತು. ಅದಕ್ಕೊಪ್ಪುವ ಮೈ ಬರೆದರೆ ಉಡವು ಗಾತ್ರದಲ್ಲಿ ಎತ್ತನ್ನು ದಾಟಿ ಆನೆಯ ಪಕ್ಕ ನಿಲ್ಲುತ್ತಿತ್ತು. ಅಳಿಸಲು ಬಟ್ಟೆ ಎತ್ತಿದ. ಅಷ್ಟರಲ್ಲಿ ಮೂಳೆ ವಿಭಾಗದ ಮೇಷ್ಟ್ರು ಬಂದರು.

ಅಲ್ಲಿನ ಪದ್ಧತಿ ಹೀಗಿತ್ತು: ಚಿತ್ರದಲ್ಲಿ ತಪ್ಪು ಕಂಡವರು ಸೀಮೆಸುಣ್ಣದಿಂದ ಸುತ್ತು ಹಾಕಬೇಕು, ಚಿತ್ರಗಾರ ಮರುಮಾತಾಡದೆ ತಿದ್ದಬೇಕು. ತಮ್ಮ ವಿಭಾಗದ ಆಚೆ ಯಾರೂ ಬಾಯಿ ಹಾಕುವಂತಿಲ್ಲ. ಸುತ್ತು ಹಾಕಿದವರು ಮೇಡಂ ಆದರೆ ಮಾತ್ರ ತಿದ್ದುವ ಮಾತಿಲ್ಲ. ಇಡೀ ಗೋಡೆ ಕೆರೆದು ಮೊದಲಿನಿಂದ.

"ಈ ಬಾಲ ಹೊರೋಕೆ ಸೊಂಟ ಎಲ್ಲಯ್ಯಾ?" ಎಂದರು ಮೇಷ್ಟ್ರು, ಸುತ್ತು ಹಾಕುತ್ತ.

"ಸಾರ್, ಇದು ಉಡ..."

"ಯಾವ ಪ್ರಾಣಿ ಅನ್ನೋದು ನನ್ನ ವಿಭಾಗ ಅಲ್ಲ. ಸೊಂಟ ಹಾಕು."

ಸೊಂಟ ಬಂತು, ಅದರ ಹಿಂದೆ ಬೆನ್ನು, ಪಕ್ಕೆಲುಬು. ಹಾದುಹೋಗುತ್ತಿದ್ದ ಹಕ್ಕಿ ವಿಭಾಗದ ಅಕ್ಕ ಗಕ್ಕನೆ ನಿಂತರು. "ಅಯ್ಯೋ ತಮ್ಮಾ, ಇಷ್ಟು ಭಾರ ನಾಲ್ಕು ಕಾಲಲ್ಲಿ ನಿಲ್ಲತ್ತಾ? ರೆಕ್ಕೆ ಕೊಡು. ಎದೆಮೂಳೆ ದೋಣಿ ತಳದ ಹಾಗೆ ಮುಂದಕ್ಕೆ ಬರ್ಲಿ. ಇಲ್ದಿದ್ರೆ ರೆಕ್ಕೆ ಬಡಿಯೋ ಮಾಂಸ ಎಲ್ಲಿ ಅಂಟ್ಕೊಳತ್ತೆ?"

"ಮುಂಗಾಲೇ ರೆಕ್ಕೆ ಆಗ್ಲಿ," ಎಂದು ಮೇಷ್ಟ್ರು ಗುಡುಗಿದರು. "ಒಂದು ಮೈಗೆ ಎರಡು ಜೊತೆ ಭುಜ ನಾನು ಬದುಕಿರೋವರೆಗೂ ಒಪ್ಪಲ್ಲ!"

ಗಲಾಟೆ ಕೇಳಿ ಹಾವು ನೋಡಿಕೊಳ್ಳುವ ಅಣ್ಣನೂ ಬಂದ. "ಕೆನ್ನೆಯೊಳಗೆ ವಿಷದ ಚೀಲ ಎರಡಿಡು. ಒಂದರ ರಸ ಇನ್ನೊಂದಕ್ಕೆ ತಾಗಿದ್ರೆ ಬಿಸಿ ಏರತ್ತೆ."

"ಏರಿದ್ರೆ?"

"ಬಾಯಿ ತೆಗೀಬೇಕಾಗತ್ತೆ. ಪಾಪ, ಅದಾದ್ರೂ ಇನ್ನೇನು ಮಾಡತ್ತೆ?"

ಚಿತ್ರಗಾರನ ಕೈ ಈಗ ಅವನ ಮಾತು ಕೇಳುತ್ತಿರಲಿಲ್ಲ. ಯಾರ ವಿಭಾಗಕ್ಕೂ ಸೇರದೆ ಉಳಿದದ್ದು ಕಣ್ಣಿನ ರೆಪ್ಪೆಯೊಂದೇ. ಅದನ್ನು ತನಗೆ ತೋಚಿದಂತೆ ಹಳದಿ ಬಳಿದು, ಅರ್ಧ ಮುಚ್ಚಿಸಿ, ಕೆಳಗಿಳಿದ.

ನಾಲ್ವರೂ ಎದುರಿನ ಗೋಡೆಗೆ ಬೆನ್ನು ತಾಗುವವರೆಗೂ ಹಿಂದೆ ಸರಿದರು. ಅದೇ ಕೋಣೆಯಲ್ಲಿ ಗಾಜು ಒರೆಸುತ್ತಿದ್ದ ಮುದುಕಿಯ ಕೈಯ ಬಟ್ಟೆ ಗಾಜಿನ ಮೇಲೆಯೇ ನಿಂತಿತು. ಅದು ಬರೆದ ಚಿತ್ರದಂತಿರಲಿಲ್ಲ. ಇಷ್ಟು ಕಾಲ ಸುಣ್ಣದೊಳಗೆ ಮಲಗಿದ್ದುದು ಈಗ ಮೈಮುರಿದು ಹೊರಬಂದಂತಿತ್ತು. ಮಡಿಸಿದ ರೆಕ್ಕೆಯ ತೊಗಲಲ್ಲಿ ನೀಲಿ ನರಗಳು ಕವಲೊಡೆದಿದ್ದವು. ಪಕ್ಕೆಲುಬುಗಳ ನಡುವೆ ತಗ್ಗುಗಳಿದ್ದವು, ಆಗಷ್ಟೇ ಉಸಿರು ಬಿಟ್ಟಂತೆ. ಮುಂದಿನ ಉಸಿರನ್ನು ಅದು ಯಾವಾಗ ಎಳೆದುಕೊಳ್ಳುತ್ತದೋ ಎಂದು ನಾಲ್ವರೂ ತಮ್ಮದನ್ನು ಹಿಡಿದು ನಿಂತರು.

"ಇದು... ಡ್ರ್ಯಾಗನ್ ಅಲ್ವೇನೋ?" ಎಂದರು ಅಕ್ಕ, ಪಿಸುಮಾತಿನಲ್ಲಿ.

"ಅಂಥದ್ದು ಇಲ್ಲವಲ್ಲ," ಎಂದ ಹಾವಿನ ಅಣ್ಣ.

ಮೇಷ್ಟ್ರು ಕನ್ನಡಕ ಒರೆಸಿಕೊಂಡರು. "ಇಲ್ಲ, ನಿಜ. ಆದ್ರೆ ಇರೋಕೆ ಯಾವ ಅಡ್ಡಿನೂ ಕಾಣಿಸ್ತಿಲ್ಲ. ಅದೇ ನನಗೆ ಭಯ."

ಆಗ ಎಲ್ಲರ ಕಣ್ಣೂ ಗೋಡೆಯ ಬುಡದಲ್ಲಿ ಮೊದಲೇ ಹೊಡೆದಿಟ್ಟಿದ್ದ ಹೆಸರಹಲಗೆಯ ಮೇಲೆ ಬಿತ್ತು. ಅದರಲ್ಲಿ 'ಉಡ' ಎಂದಿತ್ತು. ಹೊರಗೆ ಮೇಡಂ ಚಪ್ಪಲಿಯ ಸದ್ದು ಕೇಳಿಸಿತು. ಮೂವರು ಪಂಡಿತರೂ ಸೀಮೆಸುಣ್ಣ ಜೇಬಿಗಿಳಿಸಿ ಚಿತ್ರಗಾರನ ಬೆನ್ನಹಿಂದೆ ಸಾಲಾದರು. ಅವನ ಕಣ್ಣೆದುರು ಭಾವನ ಏಣಿ ತೇಲಿತು.

ಮೇಡಂ ಬಂದರು. ನೋಡಿದರು. ಬೈಗುಳ ಬರಲಿಲ್ಲ. ಅವರು ಬಾಲದಿಂದ ಮೂತಿಯವರೆಗೆ ಮೆಲ್ಲಗೆ, ಮಲಗಿದವರ ಕೋಣೆಯಲ್ಲಿ ನಡೆಯುವಂತೆ ನಡೆದರು.

"ಭುಜ ಸರಿಯಾಗಿದೆ," ಎಂದರು. ಮೇಷ್ಟ್ರು ಚಿತ್ರಗಾರನ ಬೆನ್ನಹಿಂದಿನಿಂದ ಅರ್ಧ ಹೊರಬಂದರು. "ಎದೆನೂ ಸರಿ. ಕೆನ್ನೆನೂ ಸರಿ. ಇಷ್ಟು ಚೆನ್ನಾಗಿ ಯಾರೂ ಬರೆದಿರಲಿಲ್ಲ." ಚಿತ್ರಗಾರನ ಎದೆಯಲ್ಲಿ ನೌಕರಿ ಕಾಯಂ ಆಗಿಯೇ ಹೋಯಿತು.

"ಸೀಮೆಸುಣ್ಣ ಕೊಡಿ."

ಏಣಿ ಹತ್ತಿ, ಹಳದಿ ರೆಪ್ಪೆಯ ಸುತ್ತ ಅವರು ಒಂದು ದುಂಡು ಸುತ್ತು ಹಾಕಿದರು.

"ರೆಪ್ಪೆ ಹಳದಿ ಅಲ್ಲ, ಬೂದಿ. ಒಳಮೈ ಮಾತ್ರ ಕೆಂಪು. ಆದರೆ ಅದು ಕಾಣೋದು ತೀರಾ ಹತ್ತಿರ ಹೋದಾಗ." ಅವರ ಬೆರಳು ತಾನಾಗಿಯೇ ಇಲ್ಲದ ಹುಬ್ಬಿನ ಜಾಗವನ್ನು ಸವರಿತು. "ಗೋಡೆ ಕೆರೆದು ಮೊದಲಿಂದ ಶುರು ಮಾಡಿ. ಕಾಯಂ ವಿಷಯ ಆಮೇಲೆ ನೋಡೋಣ. ಹಾಂ, ಆ 'ಉಡ' ಹಲಗೆ ತೆಗೆಸಿ. ನೋಡಿದವರು ನಗ್ತಾರೆ."

ಮುದುಕಿ ಇಲ್ಲಿಗೆ ನಿಲ್ಲಿಸಿ ತನ್ನ ಬಟ್ಟೆ ಹಿಂಡಿದಳು.

"ಆಮೇಲೆ ಅವನು ಕಾಯಂ ಆದ್ನಾ, ಅಜ್ಜಿ?" ಎಂದು ಒಬ್ಬ ಕೇಳಿದ.

"ಒಳಗೆ ಹೋಗಿ ನೋಡು. ಇನ್ನೂ ಬೂದಿ ಬಣ್ಣ ಕಲಸ್ತಾ ಇದ್ದಾನೆ."

ಯಾರೂ ಒಳಗೆ ಹೋಗಲಿಲ್ಲ. ಒಬ್ಬೊಬ್ಬರೇ ಎದ್ದು, ಬಟ್ಟೆಯ ಧೂಳು ಕೊಡವಿಕೊಂಡು, ಒಮ್ಮೆ ಆಕಾಶ ನೋಡಿ ಮನೆಯತ್ತ ಹೊರಟರು. ಗೇಟು ದಾಟುವವರೆಗೆ ಒಬ್ಬರೂ ಬೆಂಕಿಕಡ್ಡಿ ಗೀರಲಿಲ್ಲ.