ತಲೆಯೊಳಗಿನ ರಫುಗಾರರಿಗೆ ಒಂದು ಅಹವಾಲು

ನೆತ್ತಿಯ ಕೆಳಗೆ, ಬುರುಡೆಯ ಒಳಗೆ, ಬಾಡಿಗೆಯಿಲ್ಲದೆ ವಾಸವಾಗಿರುವ ಮಿದುಳಿನವರಿಗೆ,

ಮಾನ್ಯರೇ,

ಹುಟ್ಟಿದಾಗಿನಿಂದ ತಮ್ಮನ್ನು ಹೆಗಲ ಮೇಲೆ ಹೊತ್ತು ತಿರುಗುತ್ತಿರುವ ದರ್ಜಿ ದೊಡ್ಡಮ್ಮನ ನಮಸ್ಕಾರಗಳು. ಕ್ಷೇಮ ವಿಚಾರಿಸೋಣವೆಂದರೆ ಅದನ್ನೂ ತಮ್ಮನ್ನೇ ಕೇಳಿಕೊಂಡು ಬರೆಯಬೇಕಾದ್ದರಿಂದ ನೇರ ವಿಷಯಕ್ಕೆ ಬರುತ್ತೇನೆ. ಇದರ ಪ್ರತಿ ನಮ್ಮ ಬಂಧುಬಳಗಕ್ಕೆಲ್ಲ ಹೋಗುತ್ತಿದೆ.

ಹೋದ ವಾರ ವಕೀಲಿಕೆ ಮಾಡುವ ನನ್ನ ತಂಗಿಯ ಮಗಳು ತನ್ನ ಚೌಕಳಿ ಕೋಟು ತಂದು, ಎದೆಯ ಹತ್ತಿರ ಇಸ್ತ್ರಿ ತಾಗಿ ಸುಟ್ಟ ತೂತಿಗೆ ಗುರುತೇ ಸಿಗದಂತೆ ರಫು ಮಾಡಿಕೊಡು ಎಂದಳು. ದೀಪದ ಕೆಳಗೆ ಹಿಡಿದು ನೋಡಿದೆ; ನೀಲಿ ಗೆರೆ, ಬಿಳಿ ಗೆರೆ, ಒಂದೂ ತಪ್ಪಿಲ್ಲ. ತೂತೇ ಇಲ್ಲವೆಂದು ಸಾಧಿಸಿದೆ. ವಕೀಲರಿಗೆ ಇಲ್ಲದ್ದು ಕಾಣುವುದು ಸಹಜವೆಂದು ಚುಚ್ಚಿಯೂ ಬಿಟ್ಟೆ. ಅವಳು ನನ್ನ ಕಿರುಬೆರಳು ಹಿಡಿದು ಬಟ್ಟೆಗೆ ಒತ್ತಿದಳು. ಬೆರಳು ಆಚೆ ಬಂತು. ಈಗೇನಂತೀಯ ದೊಡ್ಡಮ್ಮ ಎಂದು ನಗುತ್ತಲೇ ನನ್ನ ಕತ್ತರಿಯನ್ನು ತನ್ನ ಚೀಲಕ್ಕೆ ಇಳಿಸಿ, ಕಣ್ಣು ತೋರಿಸುವವರೆಗೆ ಕೊಡೆನೆಂದಳು. ಕತ್ತರಿಯಿಲ್ಲದ ದರ್ಜಿ ಎಂದರೆ ಬರೀ ಮುದುಕಿ, ಸ್ವಾಮೀ.

ಡಾಕ್ಟರು ಹೇಳಿದ್ದಿಷ್ಟು: ಎಡಗಣ್ಣು ಮೊದಲೇ ಕೈಕೊಟ್ಟಿತ್ತು, ಈಗ ಬಲಗಣ್ಣಿನ ನಡುವೆಯೂ ಚೂರು ಜಾಗ ಸತ್ತಿದೆ, ಅಲ್ಲಿಂದ ಸುದ್ದಿ ಬರದಿದ್ದರೂ ತಾವು ಅಕ್ಕಪಕ್ಕದ ಗೆರೆಗಳನ್ನೇ ಎಳೆತಂದು ಜಾಗ ತುಂಬಿಬಿಡುತ್ತೀರಂತೆ.

ಆಹಾ, ಎಂಥ ಕೈಚಳಕ! ಬೆಳಕಿನ ಒಂದೆಳೆಯೂ ನುಗ್ಗದ ಕತ್ತಲಕೋಣೆಯಲ್ಲಿ ಕುಳಿತು, ನರಗಳ ಮಿಡಿತವನ್ನೇ ನೂಲು ಮಾಡಿಕೊಂಡು ನೀಲಿಯನ್ನು ನೀಲಿಯಾಗಿಸುವವರು ತಾವು. ಆ ಮಿಡಿತ ನೋಟವಾಗುವುದಾದರೂ ಹೇಗೆಂದು ಕೇಳಿದ್ದಕ್ಕೆ ಡಾಕ್ಟರು ಕನ್ನಡಕ ಒರೆಸಿಕೊಳ್ಳುತ್ತಾ, ಅದು ಇನ್ನೂ ಯಾರಿಗೂ ಬಗೆಹರಿದಿಲ್ಲಮ್ಮ ಎಂದರು. ಹೊಲಿಗೆ ಕಾಣದಂತೆ ಹೊಲಿಯುವುದು ನಮ್ಮ ಕಸುಬಿನ ಹೆಮ್ಮೆಯೇ ಸರಿ. ಆದರೆ ಗಿರಾಕಿಗೆ ಹೇಳದೆ ತೇಪೆ ಹಾಕುವುದು ಯಾವ ಅಂಗಡಿಯ ಮರ್ಯಾದೆ?

ಆದ್ದರಿಂದ ಇನ್ನು ಮುಂದೆ ಊಹಿಸಿ ತುಂಬಿದ ಕಡೆಯಲ್ಲೆಲ್ಲ ತಾವು ಸೀಮೆಸುಣ್ಣದ ಗುರುತು ಹಾಕಬೇಕು. ಒಳಗೆ ಕುಳಿತು ನೋಡುತ್ತಿರುವ ಈ ‘ನಾನು’ ಕೂಡ ತಮ್ಮದೇ ಹೊಲಿಗೆಯೋ ಏನೋ ಎಂಬುದನ್ನು, ನನ್ನ ಎದೆ ಗಟ್ಟಿಯಿರುವ ದಿನ ನೋಡಿ, ತಿಳಿಸಬೇಕು. ಅಲ್ಲಿಯವರೆಗೆ ತಂಗಿಯ ಮಗಳೊಂದಿಗೆ ರಾಜಿಯಾಗಿದೆ: ಮೊದಲು ಬೆರಳು ಬಟ್ಟೆ ತಡವಬೇಕು, ತಮ್ಮ ಮಾತು ಆಮೇಲೆ. ಈ ಷರತ್ತಿನ ಮೇಲೆ ಕತ್ತರಿ ವಾಪಸು ಬಂದಿದೆ. ಕೋಟೂ ಮುಗಿಯಿತು. ಗೆರೆ ಸ್ವಲ್ಪ ಸೊಟ್ಟಗಾಗಿದೆಯಂತೆ. ತಮ್ಮ ಕೃಪೆಯಿಂದ ನನಗಂತೂ ನೆಟ್ಟಗೇ ಕಾಣುತ್ತಿದೆ. ಅವಳು ಅದನ್ನೇ ತೊಟ್ಟು ಹೋದಳು.

ತಮ್ಮನ್ನು ಬಿಟ್ಟರೆ ಬೇರೆ ಗತಿಯಿಲ್ಲದ,
ತಮ್ಮ ವಿಶ್ವಾಸಿ,
ದರ್ಜಿ ದೊಡ್ಡಮ್ಮ

ತಾ.ಕ.: ಕನ್ನಡಿಯಲ್ಲಿ ನನ್ನ ಕೆನ್ನೆಯ ಸುಕ್ಕುಗಳೂ ಮಾಯವಾಗಿವೆ. ಮೇಲಿನ ದೂರು ಆ ರಫುವಿಗೆ ಅನ್ವಯಿಸುವುದಿಲ್ಲ.