ಇಲ್ಲದ ಮೂಟೆಯ ಕಾವಲು

ಹುಣಸೂರಿನ ಆ ಪುಟ್ಟ ಕಂಪ್ಯೂಟರ್ ಆಫೀಸಿನಲ್ಲಿ ಅಂದು ಎದ್ದ ರಾದ್ಧಾಂತಕ್ಕೆಲ್ಲ ಕಾರಣ, ಭೂಮಿಯ ಮೇಲೆಲ್ಲೂ ಇಲ್ಲದ ಒಂದು ಹತ್ತಿ ಮೂಟೆ.

ತೂಕದ ಕಾಟಾಗಳಿಗೆ ಪ್ರೋಗ್ರಾಮ್ ಬರೆಯುತ್ತಿದ್ದ ಕಾವ್ಯಶ್ರೀ ಹಿಂದಿನ ದಿನ ಸರ್ವರಿಗೊಂದು ಕಾವಲು ಕಟ್ಟಿದ್ದಳು. ಯಾರೇ ಕೋಡು ತಿದ್ದಿ ಕಮಿಟ್ ಮಾಡಲಿ, ಅಂದರೆ ಸರ್ವರಿಗೆ ಕಳಿಸಲಿ, ಅದು ಮೊದಲು ಆ ಕೋಡಿನಿಂದಲೇ ನೂರು ಕೇಜಿಯ ಸುಳ್ಳು ಮೂಟೆಯೊಂದನ್ನು ತೂಗುತ್ತಿತ್ತು. ನೂರು ಬಂದರೆ ಒಳಗೆ, ಬಾರದಿದ್ದರೆ ಬೀದಿಗೆ. ಹಾಗೆ ಒಳಗೆ ಹೋದ ಕೋಡು ಮಾತ್ರ ಕಾಟಾ ಸೇರುತ್ತಿತ್ತು.

ಬೆಳಿಗ್ಗೆ ಹತ್ತಿ ವ್ಯಾಪಾರಿ ನಿಂಗಯ್ಯ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿದ. ಸಂಜೆಗೆ ಹ್ಯಾಂಡ್‌ಪೋಸ್ಟ್ ಎಂಬ ಊರಿನಲ್ಲಿ ಅವನ ಹೊಸ ಕಾಟಾ ಶುರುವಾಗಬೇಕಿತ್ತು.

“ಅತ್ತಿ ತ್ಯಾವ ಐತೆ ಅಂತ ಮೂಟೆಗೆ ಎರಡ್ ಕೇಜಿ ಸೂಟು, ತೂಕದಲ್ಲಿ ಮುರಿಯೋದು ನಮ್ ತಾತನ್ ಕಾಲದ ಪದ್ಧತಿ ಕಣ್ರೀ. ಬಾಯಲ್ಲಿ ಏಳುದ್ರೆ ರೈತ್ರು ಜಗಳಕ್ ಬತ್ತಾರೆ. ಮಿಷಿನ್ ಒಳಗೇ ಗುಟ್ಟಾಗ್ ಮುರ್ಕಳ್ಳೋ ಅಂಗೆ ಮಾಡ್ಕೊಡಿ.”

ಆಫೀಸಿನ ಒಡೆಯ ಕುಮಾರ್ ಹಲ್ಲು ಗಿಂಜಿದ. “ಕಾವ್ಯಾ, ಹಾಕ್ಕೊಡಮ್ಮ.”

“ದುಡಿದೋರ ಮೂಟೆಗೆ ಕನ್ನ ಕೊರೆಯೋ ಕೆಲಸ ನಾನು ಮಾಡಲ್ಲ ಸಾರ್. ನೀವೇ ಬರ್ಕಳಿ.”

ಕುಮಾರ್ ತಾನೇ ಬರೆದು ಕಳಿಸಿದ. ಸರ್ವರು ಮುಖಕ್ಕೆ ಉಗಿಯಿತು: ‘ಮೂಟೆ ತೊಂಬತ್ತೆಂಟಾಗಿದೆ. ಕಳ್ಳರಿಗೆ ಪ್ರವೇಶವಿಲ್ಲ.’ ಅವನ ಮೋರೆ ಬ್ಯಾರನ್ ಗೂಡಿನಲ್ಲಿ ಬೆಂದ ಹೊಗೆಸೊಪ್ಪಿನಂತೆ ಮುರುಟಿತು.

ಪಕ್ಕದ ಟೈಪಿಂಗ್ ಶಾಲೆಯ ಸುನಂದಮ್ಮ ಓಡಿಬಂದರು. “ಯಾರೋ ಕಣ್ ಆಕವ್ರೆ ಕುಮಾರಣ್ಣ!” ಎಂದು ಮಾನಿಟರಿಗೆ ನಿಂಬೆಹಣ್ಣು ನಿವಾಳಿಸಿದರು. ಮತ್ತೆ ಕಳಿಸಿದರೆ ಮತ್ತೆ ಅದೇ ಉಗಿತ. ರೇಗಿದ ಕುಮಾರ್ ತನ್ನ ಕೋಡಿನಿಂದ ಕಾವಲಿನ ಸಾಲುಗಳನ್ನೇ ಅಳಿಸಿ ಕಳಿಸಿದ. ಸರ್ವರು ಅದನ್ನೂ ಹಿಡಿದು ಉಗಿಯಿತು: ‘ತೂಗುವವರನ್ನೇ ಕೊಂದು ಬಂದಿದ್ದೀರಿ. ಹೊರಗೆ ನಡೆಯಿರಿ.’

“ಅಯ್ಯಯ್ಯೋ, ನಮ್ಮತ್ತೆಗಿಂತ ಜೋರೈತಲ್ಲ ಇದು!” ಎಂದರು ಸುನಂದಮ್ಮ.

ಅಷ್ಟರಲ್ಲಿ ಹ್ಯಾಂಡ್‌ಪೋಸ್ಟಿನಿಂದ ಫೋನು. ಟ್ರ್ಯಾಕ್ಟರುಗಳು ಸಾಲುಗಟ್ಟಿವೆ, ಕಾಟಾ ಇನ್ನೂ ಶುರುವಾಗಿಲ್ಲವೆಂದು ರೈತರು ಧಿಕ್ಕಾರ ಕೂಗುತ್ತಿದ್ದಾರೆ. ನಿಂಗಯ್ಯನಿಗೆ ಬೇರೆ ದಾರಿಯಿರಲಿಲ್ಲ. ಸರ್ವರಿನಲ್ಲಿದ್ದ ಸಾಚಾ ಪ್ರೋಗ್ರಾಮನ್ನೇ ಸೀಡಿಗೆ ಹಾಕಿಸಿ, ಕುಮಾರನನ್ನೂ ಕಾವ್ಯಳನ್ನೂ ಜೀಪಿಗೆ ತುಂಬಿಕೊಂಡು ಹೊರಟ.

ಸಂಜೆ ಮೊದಲ ಮೂಟೆ ಕಾಟಾ ಏರಿತು. ಕೆಂಪು ಅಂಕಿಯಲ್ಲಿ, ಮನೆಯಲ್ಲಿ ತೂಗಿ ತಂದಷ್ಟೇ ಪೂರಾ ತೂಕ! ಗುಟ್ಟಿನ ಸೂಟಿಲ್ಲ, ನೆಪದ ತೇವವಿಲ್ಲ. ಮೂರು ತಲೆಮಾರಿನ ಕಳ್ಳತನ ಅಂಗಳದ ನಡುವೆ ಅಂಗಾತ ಬಿತ್ತು. ಶಿಳ್ಳೆಯೋ ಶಿಳ್ಳೆ. ಪ್ರೋಗ್ರಾಮ್ ಬರೆದವಳು ಇವಳೇ ಎಂದು ಹೆಂಗಸರು ಕಾವ್ಯಳನ್ನು ಎತ್ತಿ ಕುಣಿಸಿದರು. ಕುಮಾರ್ ಮಾತ್ರ ಹಲ್ಲು ಕಡಿದ: “ನಾಳೆಯಿಂದ ಆಫೀಸಿಗೆ ಬರಬ್ಯಾಡಮ್ಮ.”

ಧಿಕ್ಕಾರ ಕೂಗಿ ಗಂಟಲು ಹರಿದುಕೊಂಡಿದ್ದ ಕಾವ್ಯಳ ಅಪ್ಪ, ಹಂಪಾಪುರದ ಮಂಚಯ್ಯ, ಮಗಳನ್ನು ಟ್ರ್ಯಾಕ್ಟರಿನ ಮರೆಗೆ ಎಳೆದ.

“ಭೇಷ್ ಮಗಾ! ಈಗ ನಮ್ ಮೂಟೆಗ್ ಮಾತ್ರ ಎರಡೆರಡ್ ಕೇಜಿ ಏರ್ಸವ್ವ. ಇಷ್ಟ್ ವರ್ಸ ಆ ನಿಂಗಯ್ಯ ತಿಂದವ್ನೆ, ವಸೂಲಿ ಆಗ್ಬ್ಯಾಡ್ವಾ?”

“ಆ ಕಾವಲು ನೂರೆರಡನ್ನೂ ಒಳಕ್ ಬುಡಲ್ಲ ಕಣಪ್ಪ.”

“ಯಾವ್ ಬಡ್ಡೈದ ಕಟ್ಟುದ್ದು ಅದ?”

“ನಾನೇ.”

ಮಂಚಯ್ಯ ಕೆಂಡವಾದ. “ಅಂಗಾರೆ ನನ್ ಟ್ರ್ಯಾಕ್ಟರ್ ಅತ್ತಬ್ಯಾಡ. ನಿನ್ ಕಾವಲ್ನೇ ಅತ್ಕಂಡ್ ಊರಿಗ್ ಬಾ!”

ಕೆಲಸವೂ ಹೋಯಿತು, ಸವಾರಿಯೂ ಹೋಯಿತು. ಕಾವ್ಯಶ್ರೀ ದುಪಟ್ಟಾ ಸೊಂಟಕ್ಕೆ ಬಿಗಿದು ಹಂಪಾಪುರದ ದಾರಿ ಹಿಡಿದಳು, ಕುಸ್ತಿ ಗೆದ್ದ ಪೈಲ್ವಾನನ ಹಾಗೆ ಎದೆಯೆತ್ತಿ.