ನೆಲ ಒದ್ದು ಗೆದ್ದವರು

ಚಲನೆಯ ನಿಯಮಗಳನ್ನು ವರ್ಷವಿಡೀ ಕರಿಹಲಗೆಯ ಮೇಲೆ ಬರೆಯುವುದು ನನ್ನ ಕೆಲಸ. ಅವನ್ನು ಆಗಾಗ ಮೈಮೇಲೆ ತಂದುಕೊಳ್ಳುವುದು ನಮ್ಮ ಶಾಲೆಯ ಪಿ.ಟಿ. ಮಾಸ್ತರರ ಹಣೆಬರಹ. ಒಮ್ಮೆ ಮೂರೂ ನಿಯಮಗಳು ಒಂದೇ ದಿನ ಬಂದವು. ಅಂದು ಅಥಣಿಯಲ್ಲಿ ಶಿಕ್ಷಕರ ಹಗ್ಗಜಗ್ಗಾಟ. ನಿಪ್ಪಾಣಿಯವರ ಎದುರು ಶೇಡಬಾಳದ ನಾವು ಪ್ರತಿ ಸಲ ಸೋಲುತ್ತಿದ್ದೆವು. ಈ ಸಲ ನಮ್ಮ ನಾಯಕರಾದ ಮಾಸ್ತರರು ಅವರ ನಾಯಕನೊಡನೆ ಪಂಥ ಕಟ್ಟಿದ್ದರು: ಸೋತ ಕಡೆಯ ನಾಯಕ ಮೈದಾನದಲ್ಲೇ ಮೀಸೆ ಬೋಳಿಸಿಕೊಳ್ಳಬೇಕು. ಮಾಸ್ತರರ ಮೀಸೆ ಕಿವಿಯ ತನಕ. ಅದಕ್ಕೆ ದಿನಾ ತುಪ್ಪ.

೧. ನಿಂತ ಬಸ್ಸು

ಬಸ್ಸಿನಲ್ಲಿ ಮಾಸ್ತರರು ಕಂಬಿ ಹಿಡಿಯದೆ ಎದೆಯ ಮೇಲೆ ಕೈಕಟ್ಟಿ ನಿಂತರು.

"ಹಿಡ್ಕೋರಿ," ಎಂದೆ.

"ಪೈಲ್ವಾನ್ ಮನುಷ್ಯಾ ನಾ. ನನ್ನ ಅಳ್ಳಾಡ್ಸಾಕ ಬಸ್ಸಿನ ಕೈಲಿ ಆಗತೈತೇನ್ರಿ?"

ಎಮ್ಮೆಯೊಂದು ಅಡ್ಡ ಬಂತು. ಡ್ರೈವರ್ ಬ್ರೇಕ್ ಒತ್ತಿದ. ನಡುವೆ ನಿಂತಿದ್ದ ಮಾಸ್ತರರು ಮುಂದಕ್ಕೆ ಓಡಿ, ಡ್ರೈವರನ ಪಕ್ಕದಲ್ಲಿದ್ದ ಬೆಂಡೆಕಾಯಿ ಬುಟ್ಟಿಯಲ್ಲಿ ಕುಳಿತರು. ಬುಟ್ಟಿಯ ಮುದುಕಿ ಕೇಳಿದಳು: "ಬಸ್ ನಿಂತೈತಲ್ಲೋ ಯಪ್ಪಾ, ನೀ ಎಲ್ಲಿಗಿ ಹೊಂಟಿ?"

೨. ಒಳಗಿನ ನೂಕು

ನಿಂತ ಬಸ್ಸು ಮತ್ತೆ ಚಾಲೂ ಆಗಲಿಲ್ಲ. ಇಳಿದು ನೂಕಿದೆವು, ಅಲುಗಲಿಲ್ಲ. ಇಣುಕಿ ನೋಡಿದರೆ ಮಾಸ್ತರರು ಒಳಗೇ ನಿಂತು, ಮುಂದಿನ ಸೀಟಿಗೆ ಎರಡೂ ಕೈ ಕೊಟ್ಟು, ಬೆವರು ಸುರಿಸುತ್ತ ನೂಕುತ್ತಿದ್ದಾರೆ.

"ಏನ್ ಮಾಡಾಕತ್ತೀರಿ?"

"ಕಾಣೂದಿಲ್ಲೇನ್ರಿ? ನೀವು ಹೊರಗಿಂದ, ನಾ ಒಳಗಿಂದ."

ಕಂಡಕ್ಟರ್ ಕೈಮುಗಿದ. "ಸರ, ನಿಮ್ಮ ಜೋರು ಸಾಕು, ಭಾರ ಅಷ್ಟ ಇಳಸ್ರಿ."

ಅವರು ಇಳಿದರು. ನಾವು ನೂಕಿದೆವು. ಬಸ್ಸು ಹೊರಟಿತು. ಮಾಸ್ತರರು ಎದೆ ಉಬ್ಬಿಸಿದರು: "ಕಂಡ್ರಿ? ನಾ ಬರೇ ಕೆಳಗ ಇಳದ್ರ ಸಾಕು, ಗಾಡಿ ಅಂಜಿ ಓಡತೈತಿ!"

೩. ಗೆದ್ದವರ ಗತಿ

ಮೈದಾನದಲ್ಲಿ ನಿಪ್ಪಾಣಿಯವರು ಗೋಡೆಯಂತೆ ನಿಂತಿದ್ದರು. ಎಲ್ಲರ ಕಾಲಲ್ಲೂ ಹೊಸ ಕೊಲ್ಹಾಪುರಿ ಚಪ್ಪಲಿ, ಮೆತ್ತಗಾಗಲೆಂದು ಎಣ್ಣೆ ಕುಡಿಸಿದ್ದು. ಕ್ಷೌರಿಕನನ್ನು ಕುರ್ಚಿ, ಸಾಬೂನು, ಬ್ಲೇಡಿನೊಡನೆ ನಮ್ಮ ಬೆನ್ನ ಹಿಂದೆಯೇ ಕೂರಿಸಿದ್ದರು. ಸೋಲುವವರು ಯಾರೆಂಬುದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ.

"ಚಪ್ಪಲಿ ಬಿಡ್ರಿ," ಎಂದೆ. "ಹಗ್ಗ ಗಟ್ಟಿ ಹಿಡದು ನೆಲಾ ಒದೀರಿ. ನಾವು ಅದನ್ನ ಮುಂದಕ್ಕ ಒದ್ರ, ಅದು ನಮ್ಮನ್ನ ಹಿಂದಕ್ಕ ಒದಿತೈತಿ."

"ನೆಲಾ ಏನ್ ಪಾಪ ಮಾಡೇತ್ರಿ? ವೈರಿ ಅಲ್ಲಿ ಅದಾರ!" ಎಂದರು ಮಾಸ್ತರರು. ಆದರೂ ಮೀಸೆಯ ಪ್ರಶ್ನೆ. ಬರಿಗಾಲಿನ ಹಿಮ್ಮಡಿ ಊರಿದರು.

ಸೀಟಿ ಕೇಳಿತು. "ಓಢಾ ರೇ, ಓಢಾ!" ಎಂದು ಅವರ ನಾಯಕ ಮರಾಠಿಯಲ್ಲಿ ಜಗ್ಗಲು ಹುರಿದುಂಬಿಸಿದ. ಅವರು ಜಗ್ಗಿದರು, ನಾವು ಒದ್ದೆವು. ಎಣ್ಣೆ ಚಪ್ಪಲಿಗಳು ಮೊದಲು ಕರ್ರೆಂದವು, ಆಮೇಲೆ ಜಾರಿದವು. ಇಡೀ ಗೋಡೆ ನಮ್ಮ ಕಡೆ ತೇಲಿ ಬಂದು ಗೆರೆ ದಾಟಿತು. ಗೆದ್ದೆವು!

ಅದೇ ಗಳಿಗೆ ಅವರು ಹಗ್ಗ ಬಿಟ್ಟುಬಿಟ್ಟರು. ನಾವೆಲ್ಲ ಹಿಂದಕ್ಕೆ ಹಾರಿದೆವು. ಕೊನೆಯಲ್ಲಿದ್ದ ಮಾಸ್ತರರು ನೇರ ಕ್ಷೌರಿಕನ ಕುರ್ಚಿಗೇ ಬಿದ್ದರು. ಉಸಿರು ತಿರುಗುವಷ್ಟರಲ್ಲಿ ಎಡಗಡೆಯ ಮೀಸೆ ಇರಲಿಲ್ಲ.

"ಬಿದ್ದಾಂವನ ಸೋತಾಂವ ಅಲ್ಲೇನ್ರಿ?" ಕ್ಷೌರಿಕ ಗಾಬರಿಯಿಂದ ಕೇಳಿದ.

ಮಾಸ್ತರರು ಕುರ್ಚಿಯ ಮೇಲೆ ಎದ್ದು ನಿಂತು, ಉಳಿದರ್ಧ ಮೀಸೆ ತಿರುವುತ್ತ, ಮೈದಾನಕ್ಕೆಲ್ಲ ಕೇಳುವಂತೆ ಗುಡುಗಿದರು: "ಕಣ್ ತಗದ ನೋಡಲೇ! ಅವರು ಸೋತು ನಿಂತಾರ, ನಾವು ಗೆದ್ದು ಬಿದ್ದೇವಿ!"